ಇಪ್ಪತ್ತಾರಕ್ಕೆ ಬಾಲ್‌ರೂಮ್ ಹಿಡಿದವರಿಗೆ ಯಾವ ದಾರಿ? ಕಲಬುರಗಿಯಲ್ಲಿ ಕೂತು ಒಂದು ಹೋಲಿಕೆ

"ಸರ, ನನಗ ಇಪ್ಪತ್ತಾರು ಮುಗೀತ್ರಿ. ಫೋನ್‌ನಾಗ ನೋಡ್ಕೋತ ವಾಲ್ಟ್ಜ್ ಕಲ್ತೀನಿ, ಛಲೋ ಮಾಡ್ತಿ ಅಂತಾರ ಮಂದಿ. ಇದನ್ನೇ ಹೊಟ್ಟಿಪಾಡು ಮಾಡ್ಕೋಲಾಕ ಬರ್ತದೇನ್ರಿ?"

ಮದುವೆಯ ಸಂಗೀತ್‌ಗೆ, ಶಾಲೆಯ ಗ್ಯಾದರಿಂಗ್‌ಗೆ ಡಾನ್ಸ್ ಕಲಿಸುವ ನನ್ನಂಥವರಿಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಬರ್ತದ ಅಂತಲೇ ನಾನು ಹೇಳುವುದು. ಆದರೆ ಅವರ ಕಣ್ಣ ಮುಂದಿರುವ ಕೆಲಸವೇ ಬೇರೆ, ಸಿಗುವ ಕೆಲಸವೇ ಬೇರೆ. ಬಾಲ್‌ರೂಮ್‌ನಿಂದ, ಅಂದರೆ ವಾಲ್ಟ್ಜ್‌ನಂಥ ಪಾಶ್ಚಾತ್ಯ ಜೋಡಿ ಕುಣಿತದಿಂದ, ದುಡಿಯುವವರಲ್ಲಿ ಸ್ಪರ್ಧೆಗೆ ಇಳಿಯುವವರಿದ್ದಾರೆ, ಕಲಿಸುವವರಿದ್ದಾರೆ, ಹಡಗು–ಹೋಟೆಲ್‌ಗಳಲ್ಲಿ ಪ್ರದರ್ಶನ ಕೊಡುವವರಿದ್ದಾರೆ, ಮದುವೆ–ಸಮಾರಂಭಕ್ಕೆ ಡಾನ್ಸ್ ಜೋಡಿಸುವವರಿದ್ದಾರೆ. ತಡವಾಗಿ ಶುರು ಮಾಡಿದವರಿಗೆ ಮೊದಲನೆಯ ಬಾಗಿಲು ಹೆಚ್ಚೂಕಡಿಮೆ ಮುಚ್ಚಿದೆ. ಎರಡನೆಯದು ಜನ ಅಂದುಕೊಂಡಿದ್ದಕ್ಕಿಂತ ಅಗಲವಾಗಿಯೇ ತೆರೆದಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸ್ಪರ್ಧೆಯ ಬಾಲ್‌ರೂಮ್‌ನಲ್ಲಿ ಹತ್ತು ಡಾನ್ಸ್. ವಾಲ್ಟ್ಜ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಜ್, ಸ್ಲೋ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಸೇರಿ ಸ್ಟ್ಯಾಂಡರ್ಡ್. ಸಾಂಬಾ, ಚಾ ಚಾ, ರುಂಬಾ, ಪಾಸೊ ಡೋಬ್ಲೆ, ಜೈವ್ ಸೇರಿ ಲ್ಯಾಟಿನ್. ನಮ್ಮ ಕಡೆ ಹೆಚ್ಚು ಕೇಳಿಬರುವ ಸಾಲ್ಸಾ ಮತ್ತು ಬಚಾಟಾ ಈ ಹತ್ತರಲ್ಲಿ ಇಲ್ಲ.

ಸ್ಪರ್ಧೆಯ ಕಣ

ಒಂದು ಲೆಕ್ಕ ಹಾಕೋಣ. ಎಂಟನೇ ವಯಸ್ಸಿಗೆ ಶುರು ಮಾಡಿದ ಮಗು ವಾರಕ್ಕೆ 10 ಗಂಟೆಯಂತೆ ವರ್ಷಕ್ಕೆ 50 ವಾರ ಅಭ್ಯಾಸ ಮಾಡಿತು ಅಂದುಕೊಳ್ಳಿ. ಹದಿನೆಂಟಕ್ಕೆ ಬರುವಾಗ ಅದರ ಖಾತೆಯಲ್ಲಿ 5,000 ಗಂಟೆ ಇರುತ್ತದೆ. ನೀವು 26ಕ್ಕೆ ಶುರು ಮಾಡಿ, ನೌಕರಿಯ ನಡುವೆಯೂ ವಾರಕ್ಕೆ 15 ಗಂಟೆ ಕೊಟ್ಟಿರಿ ಅನ್ನಿ. ಅಷ್ಟೇ ಗಂಟೆ ತುಂಬಲು ಏಳು ವರ್ಷದ ಹತ್ತಿರ ಬೇಕು. ಆಗ ನಿಮಗೆ 33. ಆ ಹೊತ್ತಿಗೆ ಆ ಮಗುವೇನು ಸುಮ್ಮನೆ ಕೂತಿರುವುದಿಲ್ಲ.

ಪ್ರತಿಭೆ ಈ ಲೆಕ್ಕವನ್ನು ಸ್ವಲ್ಪ ಕುಗ್ಗಿಸುತ್ತದೆ, ಅಳಿಸುವುದಿಲ್ಲ. ಇಂಗ್ಲೆಂಡಿನ ಬ್ಲಾಕ್‌ಪೂಲ್‌ನಲ್ಲಿ 1920ರಲ್ಲಿ ಶುರುವಾದ ಡಾನ್ಸ್ ಉತ್ಸವ ಇವತ್ತಿಗೂ ಈ ಲೋಕದ ದೊಡ್ಡ ಮೈದಾನ. ಅಲ್ಲಿ ವೃತ್ತಿಪರರ ಕೊನೆಯ ಸುತ್ತಿಗೆ ಬರುವವರಲ್ಲಿ ಬಹಳಷ್ಟು ಜನ ಬಾಲ್ಯದಿಂದ ಕುಣಿದವರೇ. ಇನ್ನೊಂದು ವಿಷಯ ನಮ್ಮ ಹುಡುಗರಿಗೆ ಗೊತ್ತಿರುವುದಿಲ್ಲ: ಆ ಮಟ್ಟದವರಿಗೂ ಬಹುಮಾನದ ಹಣದಲ್ಲಿ ಮನೆ ನಡೆಯುವುದಿಲ್ಲ. ಕಪ್ ಗೆದ್ದ ಹೆಸರಿನ ಮೇಲೆ ಪಾಠ ಹೇಳಿ, ಪ್ರದರ್ಶನ ಕೊಟ್ಟು ಅವರು ಬದುಕುತ್ತಾರೆ. ಅಂದರೆ ಮೊದಲ ದಾರಿ ಹಿಡಿದವರೂ ಕೊನೆಗೆ ಬಂದು ನಿಲ್ಲುವುದು ಎರಡನೆಯ ದಾರಿಯಲ್ಲೇ.

ಒಲಿಂಪಿಕ್ಸ್ ಆಸೆ ಇದ್ದರೆ ಅದನ್ನೂ ಇಲ್ಲೇ ಮುಗಿಸೋಣ. ಸ್ಪರ್ಧೆಯ ಬಾಲ್‌ರೂಮ್ ನೋಡಿಕೊಳ್ಳುವ ವಿಶ್ವ ಡಾನ್ಸ್‌ಸ್ಪೋರ್ಟ್ ಫೆಡರೇಶನ್‌ಗೆ 1997ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಆದರೆ 2024ರಲ್ಲಿ ಪ್ಯಾರಿಸ್‌ಗೆ ಹೋದದ್ದು ಬ್ರೇಕಿಂಗ್, ಅಂದರೆ ಬ್ರೇಕ್‌ಡಾನ್ಸ್. ವಾಲ್ಟ್ಜ್ ಹೊರಗೇ ಉಳಿಯಿತು.

ಹಾಗಂತ ಸ್ಪರ್ಧಿಸಲೇ ಬೇಡಿ ಎಂದು ನಾನು ಹೇಳುವುದಿಲ್ಲ. ಹವ್ಯಾಸಿಯಾಗಿ ಇಳಿಯಿರಿ. 35 ದಾಟಿದವರಿಗೆ ಬೇರೆ ವಿಭಾಗಗಳಿವೆ. ಇಪ್ಪತ್ತಾರಕ್ಕೆ ಶುರು ಮಾಡಿದವರು ಅಲ್ಲಿಗೆ ಮಾಗಿದ ಕಾಲಿನಲ್ಲಿ ಹೋಗಬಹುದು. ಅಲ್ಲೂ ಬಾಲ್ಯದಿಂದ ಕುಣಿದವರು ಎದುರಾಗುತ್ತಾರೆ, ಖರ್ಚೂ ನಿಮ್ಮದೇ. ಆದರೆ ತೀರ್ಪುಗಾರರ ಮುಂದೆ ಒಮ್ಮೆ ಕುಣಿದು ಬಂದ ಮೇಷ್ಟ್ರು ಪಾಠ ಹೇಳುವ ರೀತಿಯೇ ಬೇರೆ. ಸ್ಪರ್ಧೆಯನ್ನು ನಾನು ಆ ಲೆಕ್ಕಕ್ಕೆ ಹಿಡಿಯುತ್ತೇನೆ.

ಕಲಿಸುವ ಕೆಲಸ

ವಯಸ್ಸು ಇಲ್ಲಿ ತೊಡಕಾಗುವ ಬದಲು ಆಸರೆಯಾಗುತ್ತದೆ.

ಲಂಡನ್ನಿನಲ್ಲಿ 1904ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡಾನ್ಸಿಂಗ್‌ನಂಥ ಸಂಸ್ಥೆಗಳು ಎರಡು ಬಗೆಯ ಪರೀಕ್ಷೆ ನಡೆಸುತ್ತವೆ. ಕಲಿಯುವವರಿಗೆ ಬ್ರಾಂಜ್, ಸಿಲ್ವರ್, ಗೋಲ್ಡ್ ಎಂಬ ಪದಕ ಪರೀಕ್ಷೆ. ಕಲಿಸುವವರಿಗೆ ಅಸೋಸಿಯೇಟ್, ಲೈಸೆನ್ಶಿಯೇಟ್, ಫೆಲೋ ಎಂಬ ಮೆಟ್ಟಿಲು. ಎರಡನೆಯದರಲ್ಲಿ ಕುಣಿದು ತೋರಿಸಿದರಷ್ಟೇ ಸಾಲದು, ಬಿಡಿಸಿ ಹೇಳಬೇಕು. ವಾಲ್ಟ್ಜ್‌ನಲ್ಲಿ ಬಲಕ್ಕೆ ತಿರುಗುವ ನ್ಯಾಚುರಲ್ ಟರ್ನ್ ತೆಗೆದುಕೊಳ್ಳಿ. ಗಂಡಿನ ಮೊದಲ ಹೆಜ್ಜೆ ಬಲಗಾಲು ಮುಂದೆ, ಹಿಮ್ಮಡಿಯಿಂದ ಬೆರಳಿಗೆ. ಎರಡನೆಯದು ಬರೀ ಬೆರಳ ಮೇಲೆ. ಮೂರನೆಯದರಲ್ಲಿ ಕಾಲು ಕೂಡಿಸಿ ಬೆರಳಿಂದ ಹಿಮ್ಮಡಿಗೆ ಇಳಿಯುವುದು. ದೇಹ ಮೇಲೇಳಲು ತೊಡಗುವುದು ಮೊದಲ ಹೆಜ್ಜೆಯ ಕೊನೆಯಲ್ಲಿ, ಇಳಿಯುವುದು ಮೂರನೆಯದರ ಕೊನೆಯಲ್ಲಿ. ಇದೇ ಹೊತ್ತಿನಲ್ಲಿ ಹೆಣ್ಣಿನ ಕಾಲು ಎಲ್ಲಿರುತ್ತದೆ ಎಂದು ಪರೀಕ್ಷಕರು ಕೇಳುತ್ತಾರೆ, ಅದನ್ನೂ ಮಾಡಿ ತೋರಿಸಬೇಕು. ಕಲಿಸುವವರು ಗಂಡಸಾಗಲಿ ಹೆಂಗಸಾಗಲಿ, ಎರಡೂ ಕಡೆಯ ಹೆಜ್ಜೆ ಬರಲೇಬೇಕು.

ಬಾಲ್ಯದಿಂದ ಕುಣಿದವರನ್ನು ಕೇಳಿ ನೋಡಿ, "ಹೀಂಗ್ ಮಾಡ್ಬೇಕ್ರಿ" ಎಂದು ಮಾಡಿ ತೋರಿಸುತ್ತಾರೆ. ಯಾಕೆ ಎಂದರೆ ತಡವರಿಸುವವರೇ ಹೆಚ್ಚು. ಇಪ್ಪತ್ತಾರಕ್ಕೆ ಕಲಿತವರಿಗೆ ಪ್ರತಿ ಹೆಜ್ಜೆಯೂ ಬುದ್ಧಿಯ ಮೂಲಕ ಹಾದು ಕಾಲಿಗೆ ಇಳಿದಿರುತ್ತದೆ. ಮುಂದೆ ಅವರ ಹತ್ತಿರ ಬರುವ ನಲವತ್ತರ ಡಾಕ್ಟರು, ಮದುವೆ ನಿಶ್ಚಯವಾದ ಜೋಡಿ, ನಿವೃತ್ತ ಬ್ಯಾಂಕ್ ಅಧಿಕಾರಿ ಎಲ್ಲರೂ ತಡವಾಗಿ ಶುರು ಮಾಡಿದವರೇ. ಅವರ ತೊಡಕು ಎಲ್ಲಿದೆ ಎಂದು ನಿಮಗೆ ಬೇಗ ಹೊಳೆಯುತ್ತದೆ.

ಈ ದಾರಿಯಲ್ಲೇ ಒಂದು ಕವಲು ಅಮೆರಿಕದ ಪ್ರೊ–ಆಮ್. ಶಿಷ್ಯರು ತಮ್ಮ ಗುರುವಿನ ಜೊತೆಗೇ ಸ್ಪರ್ಧೆಯಲ್ಲಿ ಕುಣಿಯುತ್ತಾರೆ, ಪಾಠಕ್ಕೂ ಸ್ಪರ್ಧೆಗೂ ಹಣ ಕೊಡುತ್ತಾರೆ. ತೀರ್ಪು ಶಿಷ್ಯರ ಕುಣಿತಕ್ಕೆ. ಗುರು ಚಾಂಪಿಯನ್ ಆಗಿರಬೇಕಿಲ್ಲ. ಶಿಷ್ಯರನ್ನು ಚಂದ ಕಾಣಿಸುವ ತಾಳ್ಮೆ, ಗಟ್ಟಿ ಫ್ರೇಮ್ (ಜೋಡಿಯನ್ನು ಹಿಡಿದ ತೋಳು–ಎದೆಯ ನಿಲುವು) ಇದ್ದರಾಯಿತು. 1912ರಲ್ಲಿ ಶುರುವಾದ ಆರ್ಥರ್ ಮರ್ರೆ, 1947ರ ಫ್ರೆಡ್ ಅಸ್ಟೇರ್ ಸ್ಟುಡಿಯೊಗಳಂಥ ಸರಣಿಗಳು ಕೆಲಸಕ್ಕೆ ಸೇರಿದವರಿಗೆ ತಾವೇ ತರಬೇತಿ ಕೊಡುವುದುಂಟು. ತಡವಾಗಿ ಶುರು ಮಾಡಿ ವೃತ್ತಿಪರರಾದವರು ಆ ದೇಶದಲ್ಲಿ ಹೆಚ್ಚಾಗಿ ಸಿಗುವುದು ಈ ಕಾರಣಕ್ಕೇ. ಆದರೆ ವೀಸಾದ ಮಾತು ಬಂದಾಗ ಇಲ್ಲಿಂದ ಆ ದಾರಿ ದೂರವೇ. ಅದನ್ನು ಮೊದಲ ಯೋಜನೆಯಾಗಿ ಇಟ್ಟುಕೊಳ್ಳಬೇಡಿ.

ಹಡಗು ಮತ್ತು ಹೋಟೆಲ್

ಕ್ರೂಸ್ ಹಡಗುಗಳು ಬಾಲ್‌ರೂಮ್ ಕಲಿಸಲು, ಕುಣಿಯಲು ಜೋಡಿಗಳನ್ನು ತೆಗೆದುಕೊಳ್ಳುತ್ತವೆ. ಜೋಡಿಯಾಗಿಯೇ ಹೋಗಬೇಕು, ಒಬ್ಬರು ಬಿಟ್ಟರೆ ಇನ್ನೊಬ್ಬರ ಕೆಲಸವೂ ಹೋಯಿತು. ಹಡಗಿನ ನೌಕರರಿಗೆಂದೇ ಇರುವ ಎಸ್‌ಟಿಸಿಡಬ್ಲ್ಯು ಸುರಕ್ಷತಾ ತರಬೇತಿ, ವೈದ್ಯಕೀಯ ತಪಾಸಣೆ, ಹಡಗು ಅಮೆರಿಕದ ಬಂದರಿಗೆ ಹೋಗುವುದಾದರೆ ಹಡಗಿನ ಸಿಬ್ಬಂದಿಯ ಸಿ1/ಡಿ ವೀಸಾ, ಇಷ್ಟೂ ಇದೆ. ಲೋಕ ನೋಡುವ ಆಸೆಗೆ ಎರಡು ಮೂರು ವರ್ಷಕ್ಕೆ ಛಲೋ. ನಡುವೆ ಏಜೆಂಟ್ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಕೈ ಮುಗಿದು ಬನ್ನಿ.

ಊರಲ್ಲೇ ಇದ್ದು ದುಡಿಯುವುದು

ನಾಲ್ಕರಲ್ಲಿ ನಾಳೆಯೇ ಹಣ ತರುವುದು ಇದೊಂದೇ. ಹಾಗಾಗಿ ಇದನ್ನು ಕೀಳಾಗಿ ನೋಡಬೇಡಿ. ಆದರೆ ಇದರ ಪಂಚಾಂಗ ಗೊತ್ತಿರಲಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಶಾಲೆ–ಕಾಲೇಜುಗಳ ಗ್ಯಾದರಿಂಗ್. ಒಂದೇ ವಾರದಲ್ಲಿ ಮೂರು ಶಾಲೆ ಬರುತ್ತವೆ, ನಲವತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ದೊಡ್ಡ ವಿದ್ಯೆ. ಬೇಸಿಗೆಯಲ್ಲಿ ಮದುವೆ, ಸಂಗೀತ್. ಆಷಾಢ ಬಂತೆಂದರೆ ಫೋನ್ ತಣ್ಣಗಾಗುತ್ತದೆ. ಶ್ರಾವಣದಿಂದ ಮತ್ತೆ ಅಲ್ಲೊಂದು ಇಲ್ಲೊಂದು ಕಾರ್ಯಕ್ರಮ, ದಸರೆಗೆ ದಾಂಡಿಯಾ, ದೀಪಾವಳಿಯ ನಂತರ ಮತ್ತೆ ಮದುವೆ, ಧನುರ್ಮಾಸಕ್ಕೆ ಮದುವೆಗಳಿಗೆ ಮತ್ತೆ ನಿಲುಗಡೆ. ವರ್ಷದ ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿ ಆಮೇಲೆ ಅಂಗಡಿ ಬಾಡಿಗೆ ಒಪ್ಪಿಕೊಳ್ಳಿ. ಮೇ ತಿಂಗಳ ಗಳಿಕೆ ನೋಡಿ ಒಪ್ಪಿಕೊಂಡರೆ ಆಷಾಢದಲ್ಲಿ ಸ್ಪೀಕರ್ ಮಾರಬೇಕಾಗುತ್ತದೆ.

ತಿಂಗಳು ತಿಂಗಳು ಬರುವ ಫೀ ಬೇಕೆಂದರೆ ಬೆಳಗಿನ ಜುಂಬಾ ಬ್ಯಾಚ್ ಇದೆ. ಅದಕ್ಕೆ ಪರವಾನಗಿ ಬೇಕು. ಹೆಸರು ಕಂಪನಿಯದ್ದು, ಸುಮ್ಮನೆ ಬೋರ್ಡ್ ಹಾಕುವಂತಿಲ್ಲ. ಸಾಲ್ಸಾ, ಮೆರೆಂಗೆ, ಕುಂಬಿಯಾ, ರೆಗೆಟಾನ್ ಲಯಗಳೇ ಅದರ ತಳಪಾಯ, ಹಾಗಾಗಿ ಲ್ಯಾಟಿನ್ ಕಲಿತವರಿಗೆ ಕಷ್ಟವಾಗದು. ಆದರೆ ಸಂಗೀತ್ ಮತ್ತು ಜುಂಬಾದಲ್ಲೇ ಮೂರು ವರ್ಷ ಕಳೆದರೆ ಬಾಲ್‌ರೂಮ್ ಮರೆಯುತ್ತದೆ. ಸಂಗೀತ್‌ನಲ್ಲಿ ಯಾರಿಗೂ ಹಿಮ್ಮಡಿ ಬೇಕಿಲ್ಲ, ಕ್ಯಾಮೆರಾಕ್ಕೆ ನಗು ಬೇಕು. ದಿನಕ್ಕೆ ಒಂದು ಗಂಟೆ ನಿಮ್ಮ ಸ್ವಂತ ಅಭ್ಯಾಸಕ್ಕೆ ತೆಗೆದಿಡದಿದ್ದರೆ ಈ ದಾರಿ ನಿಮ್ಮನ್ನು ನುಂಗುತ್ತದೆ.

ಸ್ಟ್ಯಾಂಡರ್ಡೋ ಲ್ಯಾಟಿನ್ನೋ

ಇದಕ್ಕೆ ಎಲ್ಲರೂ ಲ್ಯಾಟಿನ್ ಎನ್ನುತ್ತಾರೆ, ಬಟ್ಟೆ ಚಂದ, ಹಾಡು ಚಂದ. ಜೈವ್ ನಿಮಿಷಕ್ಕೆ 42ರಿಂದ 44 ಬಾರ್ (ತಾಳದ ಸುತ್ತು), ಒಂದು ಬಾರ್‌ಗೆ ನಾಲ್ಕು ಪೆಟ್ಟು. ಲೆಕ್ಕ ಹಾಕಿದರೆ ನಿಮಿಷಕ್ಕೆ 170 ಪೆಟ್ಟಿನ ಆಸುಪಾಸು. ಮೊಣಕಾಲು ಆ ವೇಗಕ್ಕೆ ಇಪ್ಪತ್ತಾರಲ್ಲಿ ಹೊಸದಾಗಿ ಒಗ್ಗಬೇಕು. ಲ್ಯಾಟಿನ್‌ನಲ್ಲಿ ಜೋಡಿ ಆಗಾಗ ಬಿಟ್ಟು ನಿಲ್ಲುವುದರಿಂದ ನಿಮ್ಮ ದೇಹದ ಬಿಗಿತವೆಲ್ಲ ಬಯಲಿಗೆ ಬೀಳುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಬೇಕಾಗುವುದು ನಿಲುವು, ತೂಕ ಸಾಗಿಸುವ ರೀತಿ, ನೆಲದ ಮೇಲೆ ಉಳಿದ ಜೋಡಿಗಳ ನಡುವೆ ಎಡಸುತ್ತಿನಲ್ಲಿ (ಗಡಿಯಾರದ ಮುಳ್ಳಿಗೆ ಎದುರಾಗಿ) ದಾರಿ ಮಾಡಿಕೊಳ್ಳುವ ಜಾಣತನ. ಇವು ವಯಸ್ಸಿನ ಜೊತೆ ಮಾಗುತ್ತವೆ. ದೇಹದ ಮಟ್ಟಿಗೆ ತಡವಾಗಿ ಬಂದವರಿಗೆ ಸ್ಟ್ಯಾಂಡರ್ಡ್ ಹಿತ ಎಂಬುದು ನನ್ನ ಅಭಿಪ್ರಾಯ.

ಆದರೆ ಹೊಟ್ಟೆ ಬೇರೆ ಮಾತಾಡುತ್ತದೆ. ಫಾಕ್ಸ್‌ಟ್ರಾಟ್ ಕಲಿಸಿ ಎಂದು ಸೇಡಂ ರೋಡಿನಿಂದ ಯಾರೂ ಫೋನ್ ಮಾಡುವುದಿಲ್ಲ; ಚಾ ಚಾ, ಸಾಲ್ಸಾ, ಮದುವೆ ಜೋಡಿಗೆ ಒಂದು ಮೆತ್ತನೆಯ ವಾಲ್ಟ್ಜ್, ಬೇಡಿಕೆ ಇಷ್ಟೇ. ಆದ್ದರಿಂದ ವಾಲ್ಟ್ಜ್, ಚಾ ಚಾ, ರುಂಬಾ ಈ ಮೂರನ್ನು ಮೊದಲ ವರ್ಷ ಹಿಡಿಯಿರಿ.

ಕಿವಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಆಸ್ತಿ ಇದೆ. ಭಜನೆಗೆ ಕೂತು ತಬಲಾದ ದಾದ್ರಾ (ಮೂರು ಮೂರು ಮಾತ್ರೆಯ ತಾಳ) ಕೇಳಿ ಬೆಳೆದವರಿಗೆ ವಾಲ್ಟ್ಜ್‌ನ ಮೂರರ ಎಣಿಕೆ ಹೇಳಿಕೊಡಬೇಕಿಲ್ಲ. ಅದೇ ಕಿವಿ ರುಂಬಾದಲ್ಲಿ ಕೈ ಕೊಡುತ್ತದೆ. ರುಂಬಾದ ಹೆಜ್ಜೆ ಬೀಳುವುದು ಎರಡು, ಮೂರು, ನಾಲ್ಕರ ಮೇಲೆ. ಒಂದಕ್ಕೆ ಕಾಲು ಇಡದೆ ಸೊಂಟ ತೂಕದ ಮೇಲೆ ಇಳಿದು ಕೂರಬೇಕು. ಸಮ್ (ತಾಳದ ಮೊದಲ ಮಾತ್ರೆ) ಮೇಲೆ ಪೆಟ್ಟು ಬೀಳಲೇಬೇಕೆಂದು ರೂಢಿಯಾದವರು ಒಂದಕ್ಕೇ ಧಡ್ ಎಂದು ಕಾಲಿಡುತ್ತಾರೆ. ಲೇಜಿಮ್ ಆಡಿದವರಂತೂ ಖಂಡಿತ. ಇದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು, ಗಾಬರಿ ಬೇಡ. ಭರತನಾಟ್ಯದಿಂದ ಬಂದವರಿಗೆ ಬೇರೆ ತೊಡಕು: ಅರಮಂಡಿಯಲ್ಲಿ ಹೊರಗೆ ತಿರುಗಿ ಪಳಗಿದ ಪಾದ ಸ್ಟ್ಯಾಂಡರ್ಡ್‌ಗೆ ಬಂದಾಗ ಸಮಾನಾಂತರ ಆಗಬೇಕು, ಎದೆಯ ತೂಕ ಮುಂದಕ್ಕೆ ಬರಬೇಕು. ಆದರೆ ಅವರ ಅಭ್ಯಾಸದ ಶಿಸ್ತು ಉಳಿದವರಿಗಿಲ್ಲ.

ಫೋನ್ ನೋಡಿ ಹೆಜ್ಜೆ ಕಲಿಯಬಹುದು, ಲೀಡ್, ಅಂದರೆ ಜೋಡಿಯನ್ನು ನಡೆಸುವ ವಿದ್ಯೆ, ಕಲಿಯಲಾಗದು. ಅಂಗೈ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಜೋಳದ ರೊಟ್ಟಿ ಬಡಿಯುವ ಹದದಂತೆ. ಅವ್ವ ಪಕ್ಕದಲ್ಲಿ ಕೂತು ತೋರಿಸಿದರೇ ಬರುವುದು.

ವಯಸ್ಸಿಗಿಂತ ದೊಡ್ಡ ಪ್ರಶ್ನೆ

ಜೋಡಿ ಯಾರು? ಎಲ್ಲರೂ ವಯಸ್ಸು ವಯಸ್ಸು ಎನ್ನುತ್ತಾರೆ, ನಾನು ಕಂಡಂತೆ ಕಲಬುರಗಿಯಲ್ಲಿ ಈ ಆಸೆ ಮುರಿದು ಬೀಳುವುದು ಇಲ್ಲಿಯೇ. ಹುಡುಗಿ ಛಲೋ ಮಾಡುತ್ತಿರುತ್ತಾಳೆ, ಒಂದು ದಿನ ಅವರ ತಾಯಿ ಬಂದು, "ಸರ, ಆ ಹುಡುಗ ಯಾರ ಪೈಕಿ? ದಿನಾ ಹೀಂಗ ಕೈ ಹಿಡ್ದು ನಿಂದ್ರೋದಂದ್ರ ನಾಳಿಗಿ ಬೀಗರು ಏನಂದಾರು?" ಎನ್ನುತ್ತಾರೆ. ಅವರ ಆತಂಕವನ್ನು ನಕ್ಕು ತಳ್ಳಿಹಾಕಿದರೆ ಮರುದಿನದಿಂದ ಹುಡುಗಿ ಬರುವುದಿಲ್ಲ. ಅಭ್ಯಾಸದ ಕೋಣೆಯ ಬಾಗಿಲು ತೆರೆದಿರಲಿ, ಮನೆಯವರಿಗೆ ಎರಡು ಕುರ್ಚಿ ಇರಲಿ, ಒಂದೇ ಜೋಡಿಯ ಬದಲು ನಾಲ್ಕೈದು ಜನ ಒಟ್ಟಿಗೆ ಅಭ್ಯಾಸ ಮಾಡಲಿ. ಅಣ್ಣ–ತಂಗಿ, ಗಂಡ–ಹೆಂಡತಿ ಜೋಡಿ ಇನ್ನೂ ಸಲೀಸು. ಗಂಡ–ಹೆಂಡತಿ ಜಗಳ ಮಾತ್ರ ನೆಲದ ಮೇಲೂ ಬರುತ್ತದೆ, ಅದಕ್ಕೆ ಮದ್ದಿಲ್ಲ.

ಬಹಳ ದೇಶಗಳಲ್ಲಿ ಬಾಲ್‌ರೂಮ್‌ಗೆ ಗಂಡಸರ ಕೊರತೆ. ತಡವಾಗಿ ಬಂದ ಹುಡುಗನಿಗೂ ಜೋಡಿ ಸಿಕ್ಕೀತು, ಅಷ್ಟೇ ಪ್ರತಿಭೆಯ ಹುಡುಗಿ ಕಾಯಬೇಕಾದೀತು. ನಾಲ್ಕು ದಾರಿಗಳನ್ನು ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡಿ: ಸ್ಪರ್ಧೆಗೂ ಹಡಗಿಗೂ ಸ್ಥಿರ ಜೋಡಿ ಬೇಕೇಬೇಕು. ಕಲಿಸುವುದಕ್ಕೆ ಬೇಡ. ಎರಡೂ ಕಡೆಯ ಹೆಜ್ಜೆ ಬರುವ ಹೆಣ್ಣುಮಗಳು ಯಾರನ್ನೂ ಕಾಯದೆ ಹೆಂಗಸರ ಬ್ಯಾಚ್ ತೆಗೆಯಬಹುದು. ಕಲಬುರಗಿಯಂಥ ಊರಲ್ಲಿ ಅದಕ್ಕೆ ಇರುವ ಬೇಡಿಕೆ ಗಂಡಸರ ಬ್ಯಾಚಿಗೆ ಇಲ್ಲ.

ಯಾವ ಊರಿಗೆ ಹೋಗಿ ಕಲಿಯುವುದು

ಹೈದರಾಬಾದ್ ಸುಮಾರು 220 ಕಿ.ಮೀ., ವಾಡಿ–ತಾಂಡೂರು ಮೇಲೆ ರೈಲು. ಶನಿವಾರ ಹೋಗಿ ಭಾನುವಾರ ರಾತ್ರಿ ಮನೆಗೆ ಬರಬಹುದು. ಪುಣೆ, ಮುಂಬೈ ಸೊಲ್ಲಾಪುರದ ಮೇಲೆ ಒಂದೇ ಮಾರ್ಗ. ಬೆಂಗಳೂರಿಗೆ ರಾತ್ರಿ ರೈಲುಗಳಿವೆ, 2024ರ ಮಾರ್ಚ್‌ನಿಂದ ವಂದೇ ಭಾರತ್ ಕೂಡ. ಬೆಂಗಳೂರು, ಪುಣೆಯಲ್ಲಿ ಸಾಲ್ಸಾ–ಬಚಾಟಾ ಮಂದಿ ಹೆಚ್ಚು. ಸಂಜೆ ಸೋಶಿಯಲ್‌ಗೆ, ಅಂದರೆ ಎಲ್ಲರೂ ಸೇರಿ ಕುಣಿಯುವ ಕೂಟಕ್ಕೆ, ಹೋಗಿ ಹತ್ತು ಅಪರಿಚಿತರ ಜೊತೆ ಕುಣಿದರೆ ಲೀಡ್ ಬೇಗ ಪಳಗುತ್ತದೆ. ವಾಲ್ಟ್ಜ್, ಫಾಕ್ಸ್‌ಟ್ರಾಟ್‌ನ ಹಳೆಯ ಬೇರು ಇರುವುದು ಮುಂಬೈ, ಗೋವಾದ ಕಡೆ. ಗೋವಾದ ಕ್ರೈಸ್ತರ ಮದುವೆಗಳಲ್ಲಿ ಅಜ್ಜ–ಅಜ್ಜಿ ಕೂಡ ಎದ್ದು ವಾಲ್ಟ್ಜ್, ಜೈವ್ ಮಾಡುವುದನ್ನು ಕಾಣಬಹುದು.

ನನ್ನ ಸಲಹೆ: ಮೊದಲ ವರ್ಷ ಊರು ಬಿಡಬೇಡಿ. ತಿಂಗಳಿಗೆ ಎರಡು ಸಲ ಹೈದರಾಬಾದ್, ಒಂದೊಂದು ಖಾಸಗಿ ಪಾಠ, ಉಳಿದ ದಿನ ಇಲ್ಲಿ ಅಭ್ಯಾಸ. ವಾರವಿಡೀ ಗುಂಪಿನ ತರಗತಿಯಲ್ಲಿ ಕುಣಿದದ್ದಕ್ಕಿಂತ ಒಂದು ಗಂಟೆ ನಿಮ್ಮೊಬ್ಬರನ್ನೇ ತಿದ್ದಿಸಿಕೊಂಡು ಬಂದು ಹದಿನೈದು ದಿನ ಅದನ್ನೇ ತೀಡಿದ್ದು ಹೆಚ್ಚು ಉಳಿಯುತ್ತದೆ. ಸರ್ಕಾರಿ ನೌಕರರಾಗಿದ್ದರೆ ಇನ್ನೂ ಅನುಕೂಲ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್–ಮೇ ತಿಂಗಳು ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30, ಸಂಜೆಯೆಲ್ಲ ನಿಮ್ಮದೇ. ಆದರೆ ಆ ಬಿಸಿಲಲ್ಲಿ ತಗಡಿನ ಶೆಡ್ಡಿನ ಕೆಳಗೆ ನಾಲ್ಕು ಗಂಟೆಗೆ ಕುಣಿಯಲು ಹೋಗಬೇಡಿ, ಹೊತ್ತು ಮುಳುಗಲಿ.

ನೆಲದ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಬಾಲ್‌ರೂಮ್‌ಗೆ ಬೇಕಾದದ್ದು ಸ್ವಲ್ಪ ಪುಟಿಯುವ ಮರದ ನೆಲ. ನಮ್ಮ ಮನೆಗಳಲ್ಲಿ ಇರುವುದು ಶಹಾಬಾದ್ ಕಲ್ಲು, ಅದು ಎಳ್ಳಷ್ಟೂ ಬಗ್ಗುವುದಿಲ್ಲ. ಓಡಾಡಿ ನುಣುಪಾದ ಕಲ್ಲಿನ ಮೇಲೆ ಕಾಲು ಜಾರುತ್ತದೆ, ಒರಟು ಕಲ್ಲಿನ ಮೇಲೆ ಪಾದ ಕಚ್ಚಿ ಮೊಣಕಾಲು ತಿರುಚುತ್ತದೆ. ಫಾಕ್ಸ್‌ಟ್ರಾಟ್‌ನಲ್ಲಿ ಹೆಂಗಸರು ಹಿಮ್ಮಡಿಯ ಮೇಲೆ ತಿರುಗುವ ಹೀಲ್ ಟರ್ನ್ ಇದೆ. ಅದನ್ನು ಕಲ್ಲಿನ ಮೇಲೆ ನಿತ್ಯ ಮಾಡಿದರೆ ಹಿಮ್ಮಡಿ ನೋವು ಗ್ಯಾರಂಟಿ. ಕೆಳಗೆ ರಬ್ಬರ್ ಮ್ಯಾಟ್, ಅದರ ಮೇಲೆ ದಪ್ಪ ಪ್ಲೈವುಡ್, ಅಂಚುಗಳಿಗೆ ಟೇಪ್. ಅಗ್ಗದಲ್ಲಿ ಇಷ್ಟು ಮಾಡಿಕೊಳ್ಳಬಹುದು. ಡಾನ್ಸ್ ಬೂಟಿನ ಅಡಿ ಮೆತ್ತನೆಯ ಸ್ವೇಡ್ ಚರ್ಮದ್ದು. ಅದನ್ನು ಹಾಕಿಕೊಂಡು ಗೇಟಿನವರೆಗೂ ಹೋಗಬಾರದು. ಧೂಳು ಕೂತರೆ ತಂತಿಯ ಬ್ರಷ್‌ನಿಂದ ಉಜ್ಜಬೇಕು.

ಗುರುವನ್ನು ಆರಿಸುವಾಗ ಅವರು ತಮ್ಮ ಜೋಡಿಯ ಜೊತೆ ಕುಣಿದ ವಿಡಿಯೊ ನೋಡಿ ಮರುಳಾಗಬೇಡಿ. ಒಂದು ತರಗತಿಗೆ ಹೋಗಿ ಮೂಲೆಯಲ್ಲಿ ಕೂತು, ಅವತ್ತೇ ಸೇರಿದ ಹೊಸಬರನ್ನು ಅವರು ಹೇಗೆ ಹಿಡಿಯುತ್ತಾರೆ ನೋಡಿ. ಹೊಸಬರು ಎಡವಿದಾಗ ಅವರ ಫ್ರೇಮ್ ಅಲುಗದಿದ್ದರೆ, ಯಾಕೆ ಎಡವಿದರು ಎಂಬುದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದರೆ, ಆರು ತಿಂಗಳ ಫೀ ಒಟ್ಟಿಗೆ ಕೇಳದಿದ್ದರೆ ಸೇರಿಕೊಳ್ಳಿ. ಸೇರಿದ ಮೊದಲ ದಿನವೇ ಕೇಳಿ: "ನನಗ ಎರಡೂ ಕಡಿ ಹೆಜ್ಜಿ ಕಲಸ್ತೀರೇನ್ರಿ?"